ಗಣಿ ಕೆಲಸಗಾರನ ಮಗನ ಸೈಕಲ್ಲು

ಪಂದ್ಯದಲ್ಲಿ ಮದ್ದು ತಿಂದು ಸಿಕ್ಕಿಬಿದ್ದ ಸವಾರನ ಸುದ್ದಿ ಬಂದಾಗಲೆಲ್ಲ ಎಲ್ಲರದೂ ಒಂದೇ ಮಾತು: ಹುಡುಗ ಕೆಟ್ಟ, ಶಿಕ್ಷೆಯಾಗಲಿ. ಶಿಕ್ಷೆ ಬೇಡವೆಂದು ನಾವೂ ಹೇಳುವುದಿಲ್ಲ. ಆದರೆ ಆ ಮದ್ದು ಅವನ ಜೇಬಿಗೆ ಬಂದದ್ದು ಯಾಕೆ, ಅವನು ಗೆದ್ದರೆ ಲಾಭ ಯಾರಿಗೆ ಎಂದು ಕೇಳುವವರು ಕಡಮೆ. ಈ ಪ್ರಶ್ನೆ ಕೇಳಹೊರಟಾಗ ನಮಗೆ ನೆನಪಾಗುವುದು ಇಂಗ್ಲೆಂಡಿನ ಟಾಮ್ ಸಿಂಪ್ಸನ್ನನ ಕಥೆ.

ಸಿಂಪ್ಸನ್ ಹುಟ್ಟಿದ್ದು 1937ರ ನವೆಂಬರ್ 30ರಂದು, ಡರ್ಹ್ಯಾಂ ಸೀಮೆಯ ಹ್ಯಾಸ್‌ವೆಲ್ ಎಂಬ ಕಲ್ಲಿದ್ದಲ ಊರಿನಲ್ಲಿ. ತಂದೆ ಗಣಿ ಕೆಲಸಗಾರ. ಆರು ಮಕ್ಕಳಲ್ಲಿ ಈತನೇ ಕಡೆಯವನು. ಮುಂದೆ ಸಂಸಾರ ಹಾರ್‌ವರ್ತಿಗೆ ಬಂತು. ಅದೂ ಗಣಿಯ ಊರೇ. ಹುಡುಗ ಸೈಕಲ್ಲಿನ ಮೇಲೆ ಮನೆಮನೆಗೆ ದಿನಸಿ ಮುಟ್ಟಿಸುತ್ತಿದ್ದ. ಅಂಗಡಿ ಇಟ್ಟಿರುವ ನಮ್ಮ ಓದುಗರಿಗೆ ಇಂಥ ಹುಡುಗರ ವಿಚಾರ ಹೇಳಿಕೊಡಬೇಕಾಗಿಲ್ಲ. ಬಳಿಕ ರೆಟ್‌ಫರ್ಡಿನ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ ಕಲಿಯಲು ಸೇರಿದ. ಹೋಗಲು ಹತ್ತು ಮೈಲಿ, ಬರಲು ಹತ್ತು ಮೈಲಿ, ಎಲ್ಲ ಸೈಕಲ್ಲಿನ ಮೇಲೆಯೇ. ಆತನಿಗೆ ಗರಡಿ ಎಂಬುದಿದ್ದರೆ ಅದು ಈ ರಸ್ತೆ.

ಮೊದಲು ಹೆಸರು ಬಂದದ್ದು ಟ್ರ್ಯಾಕಿನಲ್ಲಿ. ಅಲ್ಲಿ ಬೆನ್ನಟ್ಟುವ ಪಂದ್ಯವೆಂದು ಒಂದುಂಟು. ಇಬ್ಬರು ಟ್ರ್ಯಾಕಿನ ಎದುರುಬದುರು ಕಡೆಗಳಿಂದ ಹೊರಟು ಒಬ್ಬರನ್ನೊಬ್ಬರು ಅಟ್ಟಿಕೊಂಡು ಹೋಗಬೇಕು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ವರ ತಂಡದಲ್ಲಿ ಓಡಿ ಕಂಚು ಗೆದ್ದಾಗ ಸಿಂಪ್ಸನ್ನನಿಗೆ ಆಗಷ್ಟೇ ಹತ್ತೊಂಬತ್ತು ತುಂಬಿತ್ತು. 1958ರಲ್ಲಿ ಕಾರ್ಡಿಫ್ ಕ್ರೀಡಾಕೂಟದಲ್ಲಿ ಕೂದಲೆಳೆಯ ಅಂತರದಲ್ಲಿ ಚಿನ್ನ ತಪ್ಪಿ ಬೆಳ್ಳಿ ಸಿಕ್ಕಿತು. ಪದಕದಿಂದ ಒಲೆ ಉರಿಯುವುದಿಲ್ಲ. 1959ರಲ್ಲಿ ನೂರು ಪೌಂಡು ಉಳಿತಾಯ, ಎರಡು ಸೈಕಲ್ಲು ಕಟ್ಟಿಕೊಂಡು ಫ್ರಾನ್ಸಿಗೆ ಹೊರಟ. ಅದೇ ವರ್ಷ ಸಂಬಳದ ಸವಾರನಾದ.

ಆಮೇಲೆ ಗೆಲುವುಗಳು ಬಂದವು. 1961ರಲ್ಲಿ ಫ್ಲಾಂಡರ್ಸ್ ಪಂದ್ಯ, 1964ರಲ್ಲಿ ಮಿಲಾನ್-ಸಾನ್ ರೆಮೊ. 1962ರ ಟೂರ್ ದ ಫ್ರಾನ್ಸಿನಲ್ಲಿ ಹಳದಿ ಅಂಗಿ ತೊಟ್ಟ ಮೊದಲ ಬ್ರಿಟಿಷನಾದ. ಅದು ಒಂದೇ ದಿನ ಮೈಮೇಲಿತ್ತು. 1965ರಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ನಿನಲ್ಲಿ ರಸ್ತೆ ಪಂದ್ಯದ ವಿಶ್ವ ಚಾಂಪಿಯನ್ನನಾದ.

ಇಲ್ಲಿ ನಮ್ಮ ಓದುಗರು ಲೆಕ್ಕ ನೋಡಬೇಕು. ಟೂರ್ ದ ಫ್ರಾನ್ಸ್ ಹುಟ್ಟಿದ್ದು 1903ರಲ್ಲಿ, ಒಂದು ಪತ್ರಿಕೆಯ ಪ್ರತಿಗಳು ಹೆಚ್ಚು ಖರ್ಚಾಗಲೆಂದು. ಸವಾರರ ಅಂಗಿಯ ಮೇಲೆ ಸೈಕಲ್ ಕಂಪನಿಯ ಹೆಸರು, ಟೈರಿನವರ ಹೆಸರು. ಸವಾರನಿಗೆ ಸಂಬಳಕ್ಕಿಂತ ಮುಖ್ಯವಾದದ್ದು ಟೂರ್ ಮುಗಿದ ಮೇಲೆ ಊರೂರಿನಲ್ಲಿ ನಡೆಯುವ ಸಣ್ಣ ಪಂದ್ಯಗಳ ಕಂತ್ರಾಟು. ಟೂರಿನಲ್ಲಿ ಎಷ್ಟನೆಯವನಾದ ಎಂಬುದರ ಮೇಲೆ ಅದರ ದರ. ನೇಯ್ದಷ್ಟು ಗಜಕ್ಕೆ ಕೂಲಿ ಎಂಬ ಪದ್ಧತಿಯನ್ನು ಬಲ್ಲವರಿಗೆ ಇದರ ಗುಟ್ಟು ತಟ್ಟನೆ ತಿಳಿಯುತ್ತದೆ. ಕಾಯಿಲೆ ಬಿದ್ದವನಿಗೆ ದರವಿಲ್ಲ. 1966ರ ಆರಂಭದಲ್ಲಿ ಮಂಜಿನ ಮೇಲೆ ಜಾರುವ ಆಟವಾಡಲು ಹೋಗಿ ಸಿಂಪ್ಸನ್ ಕಾಲು ಮುರಿದುಕೊಂಡ. ತಪ್ಪು ಆತನದೇ. ಆದರೆ ವಿಶ್ವ ಚಾಂಪಿಯನ್ನನ ಅಂಗಿ ತೊಟ್ಟು ಸಂಪಾದಿಸಬೇಕಾಗಿದ್ದ ವರ್ಷ ಕೈಬಿಟ್ಟಿತು.

1967ರ ಟೂರಿಗೆ ಬಂದಾಗ ವಯಸ್ಸು ಇಪ್ಪತ್ತೊಂಬತ್ತು. ಆಲ್ಪ್ಸ್ ಬೆಟ್ಟಗಳಲ್ಲಿ ಹೊಟ್ಟೆ ಕೆಟ್ಟಿತು. ಇಳಿದುಬಿಡಲಿಲ್ಲ. ಜುಲೈ 13ರಂದು ಮಾರ್ಸೇಲ್ಸಿನಿಂದ ಕಾರ್ಪಾಂತ್ರಾಕ್ಕೆ ಹೋಗುವ ದಾರಿಯಲ್ಲಿ ಮಾಂ ವಾಂಟೂ ಬೆಟ್ಟ. 1,900 ಮೀಟರಿಗೂ ಮೇಲೆ, ತುದಿಯಲ್ಲಿ ಮರವಿಲ್ಲ, ಬರಿಯ ಬಿಳಿ ಕಲ್ಲು. ಸುಡುಬಿಸಿಲು. ಆ ಕಾಲದ ನಿಯಮದಂತೆ ಸವಾರನಿಗೆ ದಿನಕ್ಕೆ ನಾಲ್ಕು ಬಾಟಲಿ, ಸುಮಾರು ಎರಡು ಲೀಟರು ನೀರು. ನಮ್ಮ ಬಿಸಿಲಿನಲ್ಲಿ ಗಾಡಿ ಎಳೆಯುವ ಎತ್ತಿಗೆ ಯಾರೂ ಇಂಥ ನಿಯಮ ಮಾಡಲಾರರು. ತುದಿಗೆ ಇನ್ನೇನು ಒಂದೆರಡು ಕಿಲೋಮೀಟರಿರುವಾಗ ಸಿಂಪ್ಸನ್ ವಾಲಾಡಿ ಬಿದ್ದ. ಎತ್ತಿ ಕೂರಿಸಿದರು. ಸ್ವಲ್ಪ ದೂರ ಹೋಗಿ ಮತ್ತೆ ಬಿದ್ದ. ಹೆಲಿಕಾಪ್ಟರಿನಲ್ಲಿ ಅವಿನ್ಯೋನ್ ಆಸ್ಪತ್ರೆಗೆ ಒಯ್ದರೂ ಜೀವ ಉಳಿಯಲಿಲ್ಲ. ಅಂಗಿಯ ಜೇಬಿನಲ್ಲಿ ಆಂಫೆಟಮಿನ್ ಗುಳಿಗೆಯ ಕೊಳವೆಗಳಿದ್ದವು. ಆ ಮದ್ದು ದಣಿವನ್ನು ಕಳೆಯುವುದಿಲ್ಲ. ದಣಿದಿದ್ದೇನೆಂದು ದೇಹ ಹೇಳುವ ಮಾತನ್ನು ಕೇಳಗೊಡುವುದಿಲ್ಲ. ಮೈಯಲ್ಲಿ ಮದ್ಯವೂ ಇತ್ತು.

ಆಗ ಫ್ರಾನ್ಸಿನಲ್ಲಿ ಕಾನೂನು ಇರಲಿಲ್ಲವೆ? ಇತ್ತು; 1965ರಲ್ಲೇ ಬಂದಿತ್ತು. 1966ರ ಟೂರಿನಲ್ಲಿ ಬೋರ್ಡೋ ಊರಿನಲ್ಲಿ ಪರೀಕ್ಷೆ ಮಾಡಿದ್ದಕ್ಕೆ ಸವಾರರು ಮರುದಿನ ಸೈಕಲ್ಲಿಳಿದು ನಡೆದು ಪ್ರತಿಭಟಿಸಿದರು. ಮುಷ್ಕರವೆಂದ ಮಾತ್ರಕ್ಕೆ ನಾವು ಎಲ್ಲವನ್ನೂ ಹೊಗಳುವವರಲ್ಲ. ತಮ್ಮ ಕೊರಳನ್ನೇ ಬಿಗಿಯುವ ಹಗ್ಗವನ್ನು ಬಿಡಿಸಬೇಡಿರೆಂದು ಮಾಡಿದ ಮುಷ್ಕರವದು. ಅದೇ ಒಗ್ಗಟ್ಟಿನಿಂದ ನೀರು ಕೇಳಿದ್ದರೆ, ಬೇನೆ ಬಿದ್ದ ದಿನಕ್ಕೂ ಕೂಲಿ ಕೇಳಿದ್ದರೆ, ನಾವು ಬೇರೆ ಮಾತು ಬರೆಯುತ್ತಿದ್ದೆವು. ಅವರ ಭಯ ನಮಗೆ ಅರ್ಥವಾಗದೆ ಇಲ್ಲ. ಪಕ್ಕದವನು ಗುಳಿಗೆ ನುಂಗಿ ಮುಂದೆ ಹೋಗುವಾಗ ತಾನೊಬ್ಬನೇ ನುಂಗದೆ ಹಿಂದುಳಿದರೆ ಮುಂದಿನ ವರ್ಷ ಅಂಗಿ ಕೊಡುವವರು ಯಾರು?

ಸಿಂಪ್ಸನ್ ನಿರಪರಾಧಿಯೆಂದು ನಮ್ಮ ವಾದವಲ್ಲ. ಗುಳಿಗೆ ನುಂಗಿದ ಕೈ ಆತನದೇ. ಆದರೆ ನೀರಿಗೆ ಅಳತೆ ಹಾಕಿದವರು, ಬಿದ್ದವನ ಬೆಲೆ ಇಳಿಸುವ ಕಂತ್ರಾಟು ಬರೆದವರು ಯಾವ ಕಟಕಟೆಯಲ್ಲೂ ನಿಲ್ಲಲಿಲ್ಲ. ಪಂದ್ಯ ಮರುದಿನವೇ ಹೊರಟಿತು. ಉಳಿದ ಸವಾರರು ತಾವಾಗಿ ಹಿಂದೆ ನಿಂತು ಆತನ ದೇಶದವನೊಬ್ಬನನ್ನು ಮುಂದೆ ಬಿಟ್ಟರು. ಅಂದು ಗೆದ್ದವನು ಬ್ಯಾರಿ ಹೋಬನ್.

ಸಿಂಪ್ಸನ್ನನನ್ನು ಹಾರ್‌ವರ್ತಿನಲ್ಲೇ ಮಣ್ಣು ಮಾಡಿದರು. ಬೆಟ್ಟದ ಮೇಲೆ, ತುದಿಗೆ ಒಂದು ಕಿಲೋಮೀಟರು ಕೆಳಗೆ, ಒಂದು ಕಲ್ಲಿದೆ. ಸೈಕಲ್ ಪತ್ರಿಕೆಯೊಂದರ ಓದುಗರು ಚಂದಾ ಎತ್ತಿ ಅದನ್ನು ನಿಲ್ಲಿಸಿದರು. ಆ ದಾರಿ ಹತ್ತಿದ ಸವಾರರು ಅಲ್ಲಿ ಇಳಿದು ತಮ್ಮ ಟೋಪಿಯನ್ನೊ ನೀರಿನ ಬಾಟಲಿಯನ್ನೊ ಇಟ್ಟು ಹೋಗುತ್ತಾರೆ.