ಊಟಿಯ ರಜೆಯೂ ಇ-ಪಾಸಿನ ಗೊಣಗಾಟವೂ

ಬೇಸಿಗೆ ರಜೆಗೆ ತಾಯ್ನಾಡಿಗೆ ಹೊರಡುವ ಅನಿವಾಸಿ ಕನ್ನಡಿಗ ಕುಟುಂಬಗಳ ಪಟ್ಟಿಯಲ್ಲಿ ಮದುವೆ, ಹಲ್ಲಿನ ವೈದ್ಯರು, ಮನೆದೇವರು ಇವುಗಳ ನಡುವೆ ಊಟಿಗೆಂದು ಮೂರು ದಿನ ಮೀಸಲಿರುತ್ತವೆ. ಹಿಂದೆ ಈ ಯೋಜನೆಗೆ ಬೇಕಿದ್ದದ್ದು ಒಂದು ಕಾರು, ನಾಲ್ಕು ಸ್ವೆಟರು, ಬಂಡೀಪುರದ ರಸ್ತೆ ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆಂಬ ಎಚ್ಚರ. ಈಗ ಇ-ಪಾಸ್ ಕೂಡ ಬೇಕು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ನೀಲಗಿರಿಗೆ ಬರುವ ಹೊರಗಿನ ವಾಹನಗಳ ನೋಂದಣಿ ಕಡ್ಡಾಯವಾಯಿತು. 2025ರ ಬೇಸಿಗೆಗೆ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನಗಳೆಂಬ ಮಿತಿಯೂ ಬಂತು.

ಈ ಮಿತಿಯನ್ನು ಕಂಡು ಹೆಚ್ಚು ಗೊಣಗುವವರಲ್ಲಿ ವಿದೇಶದಿಂದ ಬಂದವರೂ ಇದ್ದಾರೆಂಬುದು ಸೋಜಿಗ. ಯೊಸೆಮಿಟಿಯ ಹಾಫ್ ಡೋಮ್ ಏರಲು ಲಾಟರಿಯಲ್ಲಿ ಹೆಸರು ಬರೆಸಿ ಕಾಯುವ, ಆ ಶಿಸ್ತನ್ನು ಊರಿನ ನೆಂಟರ ಮುಂದೆ ಕೊಂಡಾಡುವ ಅದೇ ಜನ, ಗುಂಡ್ಲುಪೇಟೆ ದಾಟಿದೊಡನೆ ‘ಪರಿಚಯದವರು ಯಾರಾದರೂ ಇದ್ದಾರೆಯೇ’ ಎಂದು ವಿಚಾರಿಸತೊಡಗುತ್ತಾರೆ. ಊಟಿಯ ವರ್ತಕರು ಇದೇ ಇ-ಪಾಸಿನ ವಿರುದ್ಧ ಅಂಗಡಿ ಮುಚ್ಚಿ ಪ್ರತಿಭಟಿಸಿದ್ದು ಬೇರೆ ಮಾತು, ಅವರದು ಹೊಟ್ಟೆಪಾಡು. ಪ್ರವಾಸಿಯದು ಹಕ್ಕಿನ ಭಾವನೆ, ಅದಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ.

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ 1819ರಲ್ಲಿ ಬೆಟ್ಟ ಹತ್ತಿದಾಗ ಅಲ್ಲಿ ತೋಡರ ಎಮ್ಮೆಗಳು ಮೇಯುತ್ತಿದ್ದವು, ಬಡಗರು ಬೇಸಾಯ ಮಾಡುತ್ತಿದ್ದರು, ಕೋತರು ಕುಲುಮೆ ಊದುತ್ತಿದ್ದರು. ಕೆಲವೇ ವರ್ಷಗಳಲ್ಲಿ ಅವನ ಕಲ್ಲುಮನೆ ಎದ್ದಿತು, ಕೆರೆ ಕಟ್ಟಲ್ಪಟ್ಟಿತು, ಬರಬರುತ್ತ ಮದ್ರಾಸ್ ಸರ್ಕಾರವೇ ಬೇಸಿಗೆಗೆ ಮೇಲೇರತೊಡಗಿತು. ಗಿರಿಧಾಮವೆಂಬ ಕಲ್ಪನೆಯ ಹುಟ್ಟು ಇದು: ಬಯಲಿನ ಸೆಕೆ ತಾಳದ ಅಧಿಕಾರಿಗೆ ಬೆಟ್ಟ ಖಾಲಿಯಾಗಿಯೇ ಕಾಣಬೇಕಿತ್ತು. ಹುಲ್ಲುಗಾವಲು ಪಾಳುಭೂಮಿಯೆನಿಸಿ ನೀಲಗಿರಿ ಮರ, ವಾಟಲ್ ಮರಗಳ ನೆಡುತೋಪಾಯಿತು. 1848ರ ಸಸ್ಯೋದ್ಯಾನದಲ್ಲಿ ಇಂದು ಫೋಟೊ ತೆಗೆಸಿಕೊಳ್ಳುವವರಲ್ಲಿ ಎಷ್ಟು ಮಂದಿ ಅದರ ಮೇಲ್ಭಾಗದಲ್ಲೇ ಇರುವ ತೋಡರ ಮಂದ್‌ವರೆಗೆ ಕಣ್ಣೆತ್ತಿ ನೋಡುತ್ತಾರೋ! ಬಡಗರ ನುಡಿಯಂತೂ ಕನ್ನಡದ ಹತ್ತಿರದ ಬಂಧು. ಬಡಗಣದಿಂದ, ಅಂದರೆ ಮೈಸೂರಿನ ಕಡೆಯಿಂದ, ಬಂದವರೆಂದೇ ಆ ಹೆಸರು. ಕನ್ನಡಿಗ ಪ್ರವಾಸಿ ಅವರೊಡನೆ ಇಂಗ್ಲಿಷಿನಲ್ಲಿ ಕೋಣೆಯ ಬಾಡಿಗೆ ಚೌಕಾಸಿ ಮಾಡುತ್ತಾನೆ.

ವಲಸಿಗರನ್ನು ನಿಜಕ್ಕೂ ತಟ್ಟಬೇಕಾದ ಕಥೆ ಚಹಾ ತೋಟದಲ್ಲಿದೆ. ಬ್ರಿಟಿಷರ ಕಾಲದಲ್ಲಿ ಸಿಲೋನಿನ ತೋಟಗಳಿಗೆ ಒಯ್ಯಲ್ಪಟ್ಟ ತಮಿಳು ಕೂಲಿಗಳ ಮಕ್ಕಳು ಮೊಮ್ಮಕ್ಕಳು 1948ರ ಅಲ್ಲಿನ ಪೌರತ್ವ ಕಾಯ್ದೆಯಿಂದ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡು ಅವರಲ್ಲಿ 5,25,000 ಜನರನ್ನು ಭಾರತಕ್ಕೆ ಹಂಚಿದರು. ತಲೈಮನ್ನಾರಿನಿಂದ ದೋಣಿ ಹತ್ತಿ, ತಾವು ಕಂಡೇ ಇರದ ‘ತಾಯ್ನಾಡಿಗೆ’ ಮರಳಿದವರ ಪುನರ್ವಸತಿಗಾಗಿ ತಮಿಳುನಾಡು ಸರ್ಕಾರ 1968ರಲ್ಲಿ ನೀಲಗಿರಿಯಲ್ಲಿ ತೋಟ ಆರಂಭಿಸಿತು. ಅದೇ ಇಂದಿನ ಟ್ಯಾಂಟೀ. ನೌಕರಿ ಇರುವವರೆಗೆ ಲೈನುಮನೆ, ನಿವೃತ್ತಿಯಾದರೆ ಅದನ್ನೂ ಬಿಡಬೇಕು. 2022ರಲ್ಲಿ ಟ್ಯಾಂಟೀಯ ಎರಡು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ಅರಣ್ಯ ಇಲಾಖೆಗೆ ಮರಳಿಸುವ ತೀರ್ಮಾನವಾದಾಗ ಆ ಮನೆಗಳ ಆತಂಕ ಇಮ್ಮಡಿಯಾಯಿತು. ಒಸಿಐ ಕಾರ್ಡು ಹಿಡಿದು ಹೋಗಿಬರುವವರು ಹಸಿರು ಇಳಿಜಾರಿನಲ್ಲಿ ಸೆಲ್ಫಿಗೆ ನಿಲ್ಲುವುದು ಆ ಕಾರ್ಮಿಕರ ಸಾಲುಗಳ ನಡುವೆ.

ಹಾಗೆಂದು ಊಟಿಗೆ ಹೋಗಲೇಬಾರದೆಂದಲ್ಲ. ರಜೆ ಬೇಕು, ಮಕ್ಕಳಿಗೆ ಮಂಜು ತೋರಿಸಬೇಕು. ಇ-ಪಾಸ್ ಕೂಡ ಪರಿಪೂರ್ಣ ವ್ಯವಸ್ಥೆಯೇನಲ್ಲ. ಅದು ವಾಹನಗಳನ್ನು ಎಣಿಸುತ್ತದೆ, ಇಳಿಜಾರಿನಲ್ಲಿ ಏಳುವ ರೆಸಾರ್ಟುಗಳನ್ನಲ್ಲ. ಆದರೆ ಪ್ರಭಾವಿಗಳ ಫೋನ್ ಕರೆಯಿಂದ ಅದನ್ನು ದಾಟಲು ಯತ್ನಿಸುವವರಿಗೆ, ಅಮೆರಿಕದಲ್ಲಿ ಕುಳಿತು ಇಲ್ಲಿನ ಭ್ರಷ್ಟಾಚಾರದ ಬಗ್ಗೆ ಬರೆಯುವ ನೈತಿಕತೆ ಉಳಿಯುವುದಿಲ್ಲ. ಪಾಸು ಸಿಗದಿದ್ದರೆ ಮೈಸೂರಿನಿಂದ ಹಗಲಿನಲ್ಲಿ ಸರ್ಕಾರಿ ಬಸ್ಸುಗಳಿವೆ. ಬಸ್ಸಿನಲ್ಲಿ ಬರುವವರಿಗೆ ಇ-ಪಾಸ್ ಬೇಕಿಲ್ಲ.