ಓದಲಾರದ ಮಗುವನ್ನು ಗದರಿಸುವ ಮೊದಲು

ನಮ್ಮ ಪಾಠಶಾಲೆಯ ಈ ಸ್ಮರಣಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ಹಳೆಯ ದಿನಗಳ ಸವಿನೆನಪುಗಳನ್ನೇ ಬರೆಯೋಣವೆಂದು ಮೊದಲು ಯೋಚಿಸಿದೆನು. ಆದರೆ ಅಂಥ ನೆನಪುಗಳು ಇತರ ಸೋದರಿಯರ ಲೇಖನಗಳಲ್ಲಿ ಬೇಕಾದಷ್ಟು ಇರುವುವು. ಆದಕಾರಣ ಹಳೆಯ ವಿದ್ಯಾರ್ಥಿನಿಯರೂ ಈಗಿನ ಮಕ್ಕಳ ತಂದೆತಾಯಿಗಳೂ ಒಟ್ಟುಗೂಡಿ ಆಲೋಚಿಸತಕ್ಕ ಒಂದು ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಅದು ಎಳೆಯ ಮಕ್ಕಳ ದೇಹಸ್ಥಿತಿಗೂ ಅವರ ಮೊದಲ ಓದಿಗೂ ಇರುವ ಸಂಬಂಧವು.

ಕಾಯಿಲೆಯು ವೈದ್ಯರ ಕೆಲಸ, ಓದು ಉಪಾಧ್ಯಾಯಿನಿಯ ಕೆಲಸ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಈ ಹಂಚಿಕೆಯ ನಡುವಿನ ಸಂದಿಯಲ್ಲಿ ಎಷ್ಟೋ ಮಕ್ಕಳು ಬಿದ್ದುಹೋಗುತ್ತಾರೆ. ಓದು ಹತ್ತದ ಮಗುವಿಗೆ ಸೋಮಾರಿ, ದಡ್ಡಿ, ಹಟಮಾರಿ ಎಂಬ ಹೆಸರುಗಳು ಬೇಗನೆ ದೊರೆಯುತ್ತವೆ. ಆ ಮಗುವಿನ ಕಣ್ಣನ್ನೂ ಕಿವಿಯನ್ನೂ ರಕ್ತವನ್ನೂ ಪರೀಕ್ಷಿಸುವವರು ಬಹಳ ತಡವಾಗಿ ದೊರೆಯುತ್ತಾರೆ. ಈ ಕ್ರಮವು ತಲೆಕೆಳಗಾಗಬೇಕೆಂಬುದೇ ನನ್ನ ಅಭಿಪ್ರಾಯವು.

ಇದನ್ನು ಬರೆಯುವ ಹಕ್ಕು ನನಗೆ ಬಂದಿರುವುದು ನನ್ನ ತಪ್ಪಿನಿಂದಲೇ. ನಾನು ಬೇರೊಂದು ಊರಿನಲ್ಲಿ ಎರಡನೆಯ ತರಗತಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಬ್ಬ ಬಾಲಿಕೆಯು ಉಕ್ತಲೇಖನದಲ್ಲಿ ದಿನವೂ ತಪ್ಪುತ್ತಿದ್ದಳು. ನಾನು 'ಭಾರ' ಎಂದರೆ ಆಕೆ 'ಬಾರ' ಎಂದೂ, 'ಹಾಲು' ಎಂದರೆ 'ಆಲು' ಎಂದೂ ಬರೆಯುವಳು. ಕರೆದರೆ ಒಮ್ಮೊಮ್ಮೆ ತಿರುಗಿ ನೋಡುತ್ತಲೂ ಇರಲಿಲ್ಲ. ಇದು ಅಲಕ್ಷ್ಯವೆಂದು ತೀರ್ಮಾನಿಸಿ ನಾನು ಆಕೆಯನ್ನು ಕೊನೆಯ ಬೆಂಚಿಗೆ ಕಳುಹಿಸಿದೆನು. ಕೆಲವು ವಾರಗಳಾದ ಮೇಲೆ ಆಕೆಯ ಅಜ್ಜಿಯು ಬಂದು, "ಟೀಚರಮ್ಮ, ಮಳೆಗಾಲ ಬಂತೆಂದರೆ ಇವಳಿಗೆ ಎರಡು ಕಿವಿಯೂ ಸೋರುತ್ತವೆ. ಆಗ ಹತ್ತಿರ ಕೂತು ಹೇಳಿದರೆ ಮಾತ್ರ ಕೇಳುತ್ತದೆ. ಸ್ವಲ್ಪ ಮುಂದೆ ಕೂರಿಸಿಕೊಳ್ಳಿ" ಎಂದು ಕೇಳಿಕೊಂಡಳು. ಕಿವಿ ಕೇಳದ ಮಗುವನ್ನು ನಾನು ನನ್ನ ಧ್ವನಿಯಿಂದ ಇನ್ನಷ್ಟು ದೂರಕ್ಕೆ ಕಳುಹಿಸಿದ್ದೆನು! ಚಿಕಿತ್ಸೆಯಾಯಿತು, ಆಕೆ ಮುಂದಿನ ಬೆಂಚಿಗೂ ಬಂದಳು, ನಿಧಾನವಾಗಿ ಓದನ್ನೂ ಕಲಿತಳು. ಆದರೆ ಆ ವರ್ಷವಿಡೀ ಆಕೆ ಒಂದು ದಿನವಾದರೂ ಉತ್ತರ ಹೇಳಲು ತಾನಾಗಿ ಕೈಯೆತ್ತಲಿಲ್ಲ. ಕಿವಿಯನ್ನು ವೈದ್ಯರು ಗುಣಪಡಿಸಿದರು. ನಾನು ಮಾಡಿದ ಗಾಯಕ್ಕೆ ಅವರಲ್ಲಿ ಔಷಧವಿರಲಿಲ್ಲ.

ಕನ್ನಡವನ್ನು ಓದಲು ಕಲಿಯುವುದು ದೊಡ್ಡವರಾದ ನಮಗೆ ತೋರುವಷ್ಟು ಸುಲಭವಾದ ಕೆಲಸವಲ್ಲ. ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಹೇಳಿ ಮುಗಿಸುತ್ತೇವೆ. ಆದರೆ 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ನಾಲ್ಕು ನೂರಕ್ಕೂ ಮೀರಿದ ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರಗಳು. ಕನ್ನಡದ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು, ಈ ಅಕ್ಷರಜ್ಞಾನವು ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳ ವರೆಗೂ ಬೆಳೆಯುತ್ತ ಹೋಗುತ್ತದೆಂದು ತೋರಿಸಿದೆ. ಗುಡಿಸು, ಕೊಂಬು, ದೀರ್ಘ ಇವು ಬರೆಹದಲ್ಲಿ ಎಷ್ಟು ಸಣ್ಣ ಗುರುತುಗಳು! ದೂರದೃಷ್ಟಿ ಮಂದವಾದ ಮಗುವಿಗೆ ಕರಿಹಲಗೆಯ ಮೇಲಿನ 'ಕಿ' 'ಕೀ'ಗಳು ಒಂದೇ ಆಗಿ ಕಾಣುವುವು. ಕಿವಿಯೊಳಗೆ ನೀರು ತುಂಬಿದ ಮಗುವಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವು ತಿಳಿಯದು. ಮಗುವು ತನಗೆ ಕಾಣುವಂತೆಯೇ ಎಲ್ಲರಿಗೂ ಕಾಣುತ್ತದೆಂದು ನಂಬಿರುವುದರಿಂದ ದೂರು ಹೇಳುವುದೂ ಇಲ್ಲ. ಕಣ್ಣು ಕಿರಿದುಮಾಡಿ ನೋಡುವುದು, ಪುಸ್ತಕವನ್ನು ಮೂಗಿನ ಹತ್ತಿರಕ್ಕೆ ತರುವುದು, ಹೇಳಿದ್ದನ್ನು ಮತ್ತೆ ಮತ್ತೆ ಕೇಳುವುದು ಇವೇ ಆಕೆಯ ದೂರುಗಳು. ಅವನ್ನು ನಾವು ಓದಿಕೊಳ್ಳಬೇಕು.

ರಕ್ತದ ಮಾತನ್ನೂ ಹೇಳುತ್ತೇನೆ. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆಯುಳ್ಳವರು ಭಾರತದಲ್ಲಿ ನೂರಕ್ಕೆ 67.1, ಕರ್ನಾಟಕದಲ್ಲಿ ನೂರಕ್ಕೆ 65.5. ಮಿದುಳು ಅತ್ಯಂತ ವೇಗವಾಗಿ ಬೆಳೆಯುವ ವರ್ಷಗಳಲ್ಲಿಯೇ ಮೂವರಲ್ಲಿ ಇಬ್ಬರ ರಕ್ತವು ಬಡವಾಗಿದೆ ಎಂದಾಯಿತು. ಅಂಥ ಮಗುವು ಬೇಗ ದಣಿಯುವುದು. ಅದರ ಲಕ್ಷ್ಯವು ನಿಲ್ಲದು. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ಹುಡುಗಿಗೆ ಬೇಕಾಗಿರುವುದು ಬೆತ್ತವಲ್ಲ, ಸೊಪ್ಪು, ರಾಗಿ, ಕಾಳು, ಮೊಟ್ಟೆ ಮತ್ತು ವೈದ್ಯರು ಕೊಡುವ ಕಬ್ಬಿಣಾಂಶದ ಮಾತ್ರೆ. ಜಂತುಹುಳುವಿನ ಮಾತ್ರೆಯನ್ನೂ ಮರೆಯಬಾರದು. 2002ರಲ್ಲಿ ನಮ್ಮ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟವು ಆರಂಭವಾದಾಗ ಅದಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟರು. ಅಕ್ಷರವನ್ನೂ ಅನ್ನವನ್ನೂ ಒಂದೇ ಎಲೆಯಲ್ಲಿ ಬಡಿಸಬೇಕೆಂಬ ಅರ್ಥವು ಆ ಹೆಸರಿನಲ್ಲಿಯೇ ಇದೆ.

ಇನ್ನು ಕೆಲವು ಕಾಯಿಲೆಗಳು ಎದುರಿಗೇ ಇದ್ದರೂ ನಮಗೆ ಕಾಣುವುದಿಲ್ಲ. ಮೂರ್ಛೆರೋಗದಲ್ಲಿ ಒಂದು ಬಗೆಯುಂಟು. ಅದರಲ್ಲಿ ಮಗುವು ಬೀಳುವುದಿಲ್ಲ, ನಡುಗುವುದಿಲ್ಲ. ಓದುತ್ತಿದ್ದ ಸಾಲಿನ ನಡುವೆ ಕೆಲವು ಕ್ಷಣ ಶೂನ್ಯವನ್ನು ದಿಟ್ಟಿಸಿ, ಮರುಕ್ಷಣ ಏನೂ ಆಗದಂತೆ ಎಚ್ಚರಗೊಳ್ಳುತ್ತದೆ. ಅಷ್ಟರಲ್ಲಿ ತರಗತಿಯು ಎರಡು ಸಾಲು ಮುಂದೆ ಹೋಗಿರುತ್ತದೆ. ಇದನ್ನು ಹಗಲುಗನಸೆಂದು ಬಗೆದು ಗದರಿಸುವವರೇ ಹೆಚ್ಚು. ಔಷಧದಿಂದ ಇದು ಬಹುಮಟ್ಟಿಗೆ ಹತೋಟಿಗೆ ಬರುತ್ತದೆಂದು ಬಲ್ಲವರು ಕಡಿಮೆ. ಸೆಳೆತ ಬಂದು ಬೀಳುವ ಮಗುವಿಗಾದರೋ ಕೈಯಲ್ಲಿ ಕಬ್ಬಿಣದ ಬೀಗದ ಕೈ ಕೊಡುವುದು, ಬಾಯಲ್ಲಿ ಚಮಚ ತುರುಕುವುದು ಇನ್ನೂ ನಿಂತಿಲ್ಲ. ಮಾಡತಕ್ಕದ್ದು ಇಷ್ಟೇ: ಮಗುವನ್ನು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸುವುದು, ತಲೆಯ ಕೆಳಗೆ ಮೆತ್ತನೆಯದನ್ನಿಡುವುದು, ಬಾಯಲ್ಲಿ ಏನನ್ನೂ ಇಡದಿರುವುದು, ಐದು ನಿಮಿಷಗಳಾದರೂ ಸೆಳೆತವು ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು.

ಸಕ್ಕರೆಕಾಯಿಲೆಯು ಮಕ್ಕಳಿಗೂ ಬರುತ್ತದೆ. 1922ರ ಜನವರಿಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚುವ ವರೆಗೆ, ಇಂಥ ಮಕ್ಕಳು ಬಹುಕಾಲ ಬದುಕುತ್ತಿರಲಿಲ್ಲ. ಈಗ ಅವರು ಬದುಕಿ, ಕಲಿತು, ಮುದುಕರೂ ಆಗುತ್ತಾರೆ. ಆದರೆ ತರಗತಿಯ ನಡುವೆ ನೀರು ಕುಡಿಯಲು, ಹೊರಗೆ ಹೋಗಿಬರಲು, ಬೆವರಿ ಕೈ ನಡುಗಿದಾಗ ಒಂದು ಚೂರು ಬೆಲ್ಲವನ್ನೋ ಸಕ್ಕರೆಯನ್ನೋ ಬಾಯಿಗೆ ಹಾಕಿಕೊಳ್ಳಲು ಅವರಿಗೆ ಅಪ್ಪಣೆ ಬೇಕು. ಶಿಸ್ತಿನ ಹೆಸರಿನಲ್ಲಿ ಈ ಅಪ್ಪಣೆಯನ್ನು ತಡೆದರೆ ಅದು ಶಿಸ್ತಾಗಲಾರದು. ಉಬ್ಬಸವುಳ್ಳ ಮಗುವು ತನ್ನ ಔಷಧವನ್ನು ಚೀಲದಲ್ಲಿಟ್ಟುಕೊಂಡು ಬರುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಕಣ್ಣು, ಕಿವಿ, ರಕ್ತ ಎಲ್ಲವೂ ಸರಿಯಾಗಿದ್ದು, ಬುದ್ಧಿಯೂ ಚುರುಕಾಗಿದ್ದು, ಅಕ್ಷರ ಮಾತ್ರ ಒಲಿಯದ ಮಕ್ಕಳೂ ಇದ್ದಾರೆ. 1896ರಲ್ಲಿಯೇ ಇಂಗ್ಲೆಂಡಿನ ವೈದ್ಯರಾದ ಪ್ರಿಂಗಲ್ ಮಾರ್ಗನ್ ಎಂಬವರು 14 ವರ್ಷದ ಇಂಥ ಹುಡುಗನೊಬ್ಬನ ವೃತ್ತಾಂತವನ್ನು ಬರೆದು ಪ್ರಕಟಿಸಿದರು. ಪಾಠವೆಲ್ಲವೂ ಬಾಯಿಮಾತಿನಲ್ಲಿಯೇ ನಡೆದಿದ್ದರೆ ಶಾಲೆಯಲ್ಲಿ ಅವನೇ ಎಲ್ಲರಿಗಿಂತ ಜಾಣನಾಗುತ್ತಿದ್ದನೆಂದು ಅವನ ಉಪಾಧ್ಯಾಯರೇ ಹೇಳಿದ್ದರಂತೆ. ಇದಕ್ಕೆ ಈಗ ಡಿಸ್ಲೆಕ್ಸಿಯ ಎಂಬ ಹೆಸರು ಪ್ರಚಾರದಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ, 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂಥ ಮಕ್ಕಳನ್ನು ಪರೀಕ್ಷಿಸಿ ಮಾರ್ಗದರ್ಶನ ಮಾಡುವರು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಹೆಸರಿಸಿದ್ದು, ಕಲಿಕೆಯ ಈ ತೊಡಕೂ ಅವುಗಳಲ್ಲಿ ಸೇರಿದೆ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವ ಸಹಾಯಕರು, ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ಮುಂತಾದ ಅನುಕೂಲತೆಗಳನ್ನೂ ಅದು ಹೇಳುತ್ತದೆ. ಇವು ಭಿಕ್ಷೆಯಲ್ಲ, ಹಕ್ಕುಗಳು.

ನಲವತ್ತು ಮಕ್ಕಳ ತರಗತಿಯನ್ನು ನಡೆಸುವ ಉಪಾಧ್ಯಾಯಿನಿಯು ವೈದ್ಯೆಯೂ ಆಗಬೇಕೆ ಎಂದು ಕೆಲವರು ಕೇಳುವರು. ನ್ಯಾಯವಾದ ಪ್ರಶ್ನೆಯೇ. ಆದರೆ ರೋಗವನ್ನು ಗುರುತಿಸುವ ಭಾರವನ್ನು ಆಕೆಯ ಮೇಲೆ ಹೊರಿಸಬೇಕೆಂದು ನಾನು ಹೇಳುತ್ತಿಲ್ಲ. ಶಿಕ್ಷಿಸುವ ಮೊದಲು ಸಂದೇಹಪಡಬೇಕೆಂದಷ್ಟೇ ಹೇಳುತ್ತೇನೆ. ಸಂದೇಹ ಬಂದ ಮೇಲೆ ಕಳುಹಿಸಲು ಸ್ಥಳಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮೇರೆಗೆ, ಹುಟ್ಟಿದಂದಿನಿಂದ 18 ವರ್ಷದ ವರೆಗಿನ ಮಕ್ಕಳನ್ನು ಅಂಗನವಾಡಿಯಲ್ಲಿ ವರ್ಷಕ್ಕೆ ಎರಡು ಸಲವೂ, ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವರ್ಷಕ್ಕೆ ಒಂದು ಸಲವೂ ವೈದ್ಯರ ತಂಡವು ಪರೀಕ್ಷಿಸತಕ್ಕದ್ದೆಂದು ನಿಯಮವಿದೆ. ತಂಡವು ಬರುವ ದಿನವನ್ನು ತಾಯಂದಿರು ಕೇಳಿ ತಿಳಿದುಕೊಂಡು, ಆ ದಿನ ಮಗುವು ತಪ್ಪದೆ ಹಾಜರಾಗುವಂತೆ ನೋಡಿಕೊಳ್ಳಲಿ.

ಇದಕ್ಕಿಂತ ಕಠಿಣವಾದ ಅಡ್ಡಿಯು ಮನೆಯೊಳಗೇ ಇದೆ. ಹೆಣ್ಣುಮಗುವಿನ ಕಾಯಿಲೆಯನ್ನು ನಾವು ಮುಚ್ಚಿಡುತ್ತೇವೆ. ಕನ್ನಡಕ ಹಾಕಿದರೆ, ಕಿವಿಯ ಯಂತ್ರ ಧರಿಸಿದರೆ, ಮೂರ್ಛೆಯ ಸುದ್ದಿ ಹೊರಬಿದ್ದರೆ ಮುಂದೆ ಸಂಬಂಧ ಕೂಡಿಬರುವುದಿಲ್ಲವೆಂಬ ಭಯ. ಈ ಭಯವು ನಿರಾಧಾರವೆಂದು ಹೇಳಲಾರೆ. ಹಿಂದೂ ವಿವಾಹ ಶಾಸನದಲ್ಲಿ ಮೂರ್ಛೆರೋಗವು ವಿವಾಹಕ್ಕೆ ಅಡ್ಡಿಯಾದ ಕಾರಣವಾಗಿ 1999ರ ವರೆಗೂ ಉಳಿದಿತ್ತು. ಆ ವರ್ಷ ಶಾಸನವೇ ಆ ಶಬ್ದವನ್ನು ಬಿಟ್ಟಿತು. ನಮ್ಮ ಮನಸ್ಸು ಇನ್ನೂ ಬಿಡಲಿಲ್ಲ. ಹದಿನೈದು ವರ್ಷಗಳ ಆಚೆಗಿನ ಮದುವೆಯ ಚಿಂತೆಯಿಂದ ಇಂದಿನ ಓದನ್ನು ಕಳೆಯುವುದು ಯಾವ ವಿವೇಕ? ಓದು ಬಲ್ಲ ಹೆಣ್ಣುಮಗಳು ತನ್ನ ಔಷಧದ ಚೀಟಿಯನ್ನು ತಾನೇ ಓದಿಕೊಳ್ಳುವಳು. ಕಾಯಿಲೆಯ ಮಗುವಿಗೆ ಓದು ಇತರರಿಗಿಂತ ಹೆಚ್ಚು ಅವಶ್ಯಕವೇ ಹೊರತು ಕಡಿಮೆಯಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ಅಕ್ಷರಕ್ಕೆ ಮೊದಲು ಮಾತು ಬರುತ್ತದೆ. ಜೋಗುಳ, ಒಗಟು, ಕಥೆ ಇವುಗಳಿಂದಲೇ ಮಗುವಿನ ಕಿವಿಯು ಶಬ್ದಗಳನ್ನು ಬಿಡಿಸಿ ಕೇಳಲು ಕಲಿಯುತ್ತದೆ. ದೇವಾಲಯದಲ್ಲಿ ಅಜ್ಜಿಯು ಗೀತಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಹಾಡುವಾಗ ಪಕ್ಕದಲ್ಲಿ ನಿಂತ ಮೊಮ್ಮಗಳ ಕಣ್ಣು ಆ ಬೆರಳಿನೊಡನೆ ಸಾಗುವುದನ್ನು ನೀವೆಲ್ಲರೂ ನೋಡಿದ್ದೀರಿ. ನಮ್ಮಲ್ಲಿ ಅನೇಕರ ಮೊದಲ ಪಾಠವು ಅದೇ ಅಲ್ಲವೆ? ಕಾಯಿಲೆಯಿಂದ ಹಾಸಿಗೆ ಹಿಡಿದ ಮಗುವಿಗೂ ದಿನಕ್ಕೆ ಕಾಲು ಗಂಟೆ ಗಟ್ಟಿಯಾಗಿ ಓದಿ ಹೇಳಿರಿ. ಜ್ವರವಿದ್ದ ದಿನ ಓದಿಸಬೇಡಿರಿ, ಕೇಳಿಸಿರಿ. ಕಣ್ಣಿಗೆ ಕಷ್ಟವಾದರೆ ಅಕ್ಷರಗಳನ್ನು ದಪ್ಪವಾಗಿ ಬರೆದುಕೊಡಿರಿ. ಕಿವಿಗೆ ಕಷ್ಟವಾದರೆ ಬೆಳಕಿನಲ್ಲಿ ಎದುರಿಗೆ ಕುಳಿತು, ತುಟಿ ಕಾಣುವಂತೆ ಮಾತಾಡಿರಿ.

ಹೈಸ್ಕೂಲಿಗೂ ಎಳೆಯ ಮಕ್ಕಳ ಓದಿಗೂ ಏನು ಸಂಬಂಧವೆಂದು ಕೇಳಬೇಡಿರಿ. 2024ರ 'ಅಸರ್' ವರದಿಯ ಪ್ರಕಾರ, ನಮ್ಮ ದೇಶದ ಗ್ರಾಮಾಂತರಗಳಲ್ಲಿ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರು 27 ಮಂದಿ ಮಾತ್ರ. ಉಳಿದವರಲ್ಲಿ ಕೆಲವರು ಬಾಯಿಪಾಠದ ಬಲದಿಂದಲೇ ನಮ್ಮ ಎಂಟನೆಯ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಆಗ ನಾಚಿಕೆಯು ಗಟ್ಟಿಯಾಗಿರುತ್ತದೆ, ಬಿಡಿಸುವುದು ಕಷ್ಟ.

ಆದಕಾರಣ ಹಳೆಯ ವಿದ್ಯಾರ್ಥಿನಿಯರ ಸಂಘಕ್ಕೆ ನನ್ನದೊಂದು ಸೂಚನೆಯುಂಟು. ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಸುತ್ತಲಿನ ಪ್ರಾಥಮಿಕ ಶಾಲೆಗಳಲ್ಲಿ ಪ್ರತಿ ಜೂನ್ ತಿಂಗಳಲ್ಲಿ ಒಂದನೆಯ ತರಗತಿಯ ಮಕ್ಕಳ ಕಣ್ಣು ಕಿವಿಗಳ ಪರೀಕ್ಷೆಗೆ ನಾವು ಏರ್ಪಾಡು ಮಾಡೋಣ. ನಮ್ಮಲ್ಲಿ ವೈದ್ಯರಾದವರಿದ್ದಾರೆ, ದಾದಿಯರಿದ್ದಾರೆ. ಕೈಯಲ್ಲಿ ಸ್ವಲ್ಪ ಬಿಡುವುಳ್ಳ ಅಜ್ಜಿಯರಂತೂ ಅನೇಕರಿದ್ದಾರೆ. ಕನ್ನಡಕಕ್ಕೆ ಹಣವಿಲ್ಲದ ಮನೆಗೆ ಹಣವನ್ನೂ, ಬಹುದಿನ ಕಾಯಿಲೆಯಾದ ಮಗುವಿನ ಮನೆಗೆ ವಾರಕ್ಕೊಮ್ಮೆ ಹೋಗಿ ಕಥೆ ಓದಿ ಹೇಳುವ ಒಬ್ಬ ಸೋದರಿಯನ್ನೂ ಕಳುಹಿಸೋಣ. ಇದು ನಮಗೆ ಹೊಸ ದಾರಿಯೇನಲ್ಲ. 1887ರಲ್ಲಿ ಅಮೃತಸರದಲ್ಲಿ ಭಾರತದ ಮೊದಲ ಅಂಧರ ಶಾಲೆಯನ್ನು ತೆರೆದವಳು ಆನಿ ಶಾರ್ಪ್ ಎಂಬ ಒಬ್ಬ ಮಿಷನರಿ ಸ್ತ್ರೀಯೇ.

ಯೆರಿಕೋವಿನ ದಾರಿಯ ಮಗ್ಗುಲಲ್ಲಿ ಕುಳಿತು ಕೂಗುತ್ತಿದ್ದ ಕುರುಡನಾದ ಬಾರ್ತಿಮಾಯನ ಕಥೆಯನ್ನು ನಾವೆಲ್ಲರೂ ಭಾನುವಾರದ ಶಾಲೆಯಲ್ಲಿ ಕಲಿತಿದ್ದೇವೆ. ಸುತ್ತಲಿದ್ದ ಜನರು ಮಾಡಿದ್ದು ಅವನನ್ನು ಗದರಿಸಿ ಸುಮ್ಮನಿರಿಸುವ ಪ್ರಯತ್ನವನ್ನು. ಕರ್ತನಾದರೋ ನಿಂತು, ಅವನನ್ನು ಹತ್ತಿರಕ್ಕೆ ಕರೆಯಿಸಿ, ನಿನಗೇನು ಬೇಕೆಂದು ಮೊದಲು ಕೇಳಿದನು. ಓದಲಾರದೆ ಎದುರಿಗೆ ನಿಂತ ಮಗುವಿನ ಮುಂದೆ ನಾವು ಯಾವ ಗುಂಪಿನಲ್ಲಿರಬೇಕೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬರುವ ಜೂನ್ ತಿಂಗಳಿಗೆ ಹೆಚ್ಚು ಸಮಯವಿಲ್ಲ. ಈ ಕಾರ್ಯಕ್ಕೆ ಕೈಜೋಡಿಸುವ ಸೋದರಿಯರು ಸಂಘದ ಕಾರ್ಯದರ್ಶಿಗಳಿಗೆ ತಮ್ಮ ಹೆಸರನ್ನು ತಿಳಿಸಬೇಕಾಗಿ ವಿನಯಪೂರ್ವಕ ಬೇಡಿಕೊಳ್ಳುತ್ತೇನೆ.