ತನ್ನ ಕುಂದನ್ನು ತಾನರಿಯದ ಕಣ್ಣು

ವಾಹನ ಚಾಲನೆಯ ಲೈಸೆನ್ಸನ್ನು ಬಯಸಿ ಅರ್ಜಿ ಹಾಕುವವನಿಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ನಮೂನೆ 1 ಎಂಬ ಕಾಗದದಲ್ಲಿ ಕೇಳುವ ಪ್ರಶ್ನೆಗಳ ಪೈಕಿ, ಒಳ್ಳೆಯ ಹಗಲು ಬೆಳಕಿನಲ್ಲಿ, ಕನ್ನಡಕವಿದ್ದರೆ ಅದನ್ನು ಹಾಕಿಕೊಂಡೇ, 25 ಮೀಟರು ದೂರದ ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ ಎಂಬುದೊಂದು. ಇರುಳುಗುರುಡು ಉಂಟೆ ಎಂಬುದು ಇನ್ನೊಂದು. ಹೌದು, ಇಲ್ಲ ಎಂದು ಬರೆದು ಕೆಳಗೆ ರುಜು ಹಾಕಿದರೆ ಮುಗಿಯಿತು. ಪ್ರಶ್ನೆಗಳೇನೋ ಯುಕ್ತವಾದುವೇ, ಆದರೆ ಲೋಕದ ಕುಂದನ್ನೆಲ್ಲ ಕಾಣಬಲ್ಲ ಕಣ್ಣು ತನ್ನ ಕುಂದನ್ನು ಮಾತ್ರ ಕಾಣಲಾರದಾದಕಾರಣ, ಈ ವಿಷಯದಲ್ಲಿ ಎಷ್ಟೇ ಪ್ರಾಮಾಣಿಕನಾದವನ ಸ್ವಯಂಘೋಷಣೆಯೂ ಪ್ರಮಾಣವಾಗಲಾರದೆಂಬುದು ನನ್ನ ಅಭಿಪ್ರಾಯ.

ನಮ್ಮ ನೆರೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದರು. ಅವರ ಕಾರಿನ ಎಡಪಾರ್ಶ್ವದಲ್ಲಿ, ಮುಂದಿನ ಬಂಪರಿನಿಂದ ಹಿಂದಿನ ಬಾಗಿಲಿನವರೆಗೆ, ಒಂದರ ಮೇಲೊಂದು ಗೀರುಗಳು. ಬಲಪಾರ್ಶ್ವ ಮಾತ್ರ ಷೋರೂಮಿನಿಂದ ತಂದ ದಿನದ ಹೊಳಪನ್ನೇ ಉಳಿಸಿಕೊಂಡಿತ್ತು. ಕೇಳಿದರೆ ಗೇಟು ಕಿರಿದಾಯಿತೆನ್ನುವರು, ಹಾಲಿನವನು ಸೈಕಲ್ಲನ್ನು ಅಡ್ಡ ನಿಲ್ಲಿಸಿದ್ದನೆನ್ನುವರು. ನಂಬರ್ ಪ್ಲೇಟನ್ನು ಅವರು ನನಗಿಂತ ಮೊದಲೇ ಓದಿ ಹೇಳುತ್ತಿದ್ದರಾದ್ದರಿಂದ ಕಣ್ಣನ್ನು ಸಂದೇಹಿಸುವ ಪ್ರಮೇಯವೇ ಬಂದಿರಲಿಲ್ಲ. ಮಗಳ ಒತ್ತಾಯಕ್ಕೆ ಕಣ್ಣಿನ ವೈದ್ಯರಲ್ಲಿಗೆ ಹೋದಾಗ ಗ್ಲಾಕೋಮಾ ಎಂದು ತಿಳಿಯಿತು. ಸಾಮಾನ್ಯವಾಗಿ ಈ ರೋಗವು ನೋವಿಲ್ಲದೆ, ಕೆಂಪಿಲ್ಲದೆ, ನೋಟದ ನಡುವನ್ನು ಬಹುಕಾಲ ಮುಟ್ಟದೆ, ಅಂಚಿನಿಂದ ಕೊರೆಯುತ್ತ ಬರುವುದು. ಕಳೆದುಹೋದ ಭಾಗವು ಕಪ್ಪಾಗಿಯಾದರೂ ತೋರಿದ್ದರೆ ಮನುಷ್ಯ ಎಚ್ಚರಗೊಳ್ಳುತ್ತಿದ್ದನು. ಆದರೆ ಮೆದುಳು ಸುತ್ತಲಿನ ದೃಶ್ಯವನ್ನೇ ಎಳೆದು ಆ ತೆರಪನ್ನು ತುಂಬಿಬಿಡುವುದರಿಂದ, ಎಡಗಡೆಯಿಂದ ರಸ್ತೆಗಿಳಿಯುವ ಬಾಲಕನು ಮಬ್ಬಾಗಿ ಕಾಣುವುದಿಲ್ಲ, ಅವನು ಅಲ್ಲಿ ಇರುವುದೇ ಇಲ್ಲ. ಹೋದ ನೋಟವನ್ನು ಯಾವ ಚಿಕಿತ್ಸೆಯೂ ಮರಳಿಸದು, ಉಳಿದುದನ್ನು ಕಾಯಬಹುದಷ್ಟೆ.

ಪೊರೆಯ ಸಂಗತಿ ಬೇರೆ. ಬೀಳಗಿಯ ಡಾ. ಎಂ.ಸಿ. ಮೋದಿಯವರು ಶಿಬಿರಗಳನ್ನು ನಡೆಸಿ ಊರೂರಿನಲ್ಲಿ ಪೊರೆ ತೆಗೆದ ಈ ನಾಡಿನಲ್ಲಿ ಅದು ವಾಸಿಯಾಗತಕ್ಕ ವ್ಯಾಧಿಯೆಂದು ಹೊಸದಾಗಿ ಹೇಳಬೇಕಾಗಿಲ್ಲ. ಆದರೆ ಅದು ಬಲಿಯುವ ಮುನ್ನ, ಹಗಲಿನಲ್ಲಿ ಎಲ್ಲವೂ ನೆಟ್ಟಗಿರುವಂತೆ ತೋರುವ ವರ್ಷಗಳಲ್ಲಿಯೇ, ಎದುರಿನಿಂದ ಬರುವ ದೀಪವನ್ನು ಕಣ್ಣಿನೊಳಗೇ ಚದುರಿಸಿ ದಾರಿಯನ್ನೆಲ್ಲ ಬೆಳ್ಳಗೆ ಮುಚ್ಚಿಬಿಡುತ್ತದೆ. ಲೈಟು ಡಿಪ್ ಮಾಡುವ ಮರ್ಯಾದೆಯು ನಮ್ಮ ರಸ್ತೆಗಳಿಂದ ಬಹುಮಟ್ಟಿಗೆ ತೊಲಗಿರುವ ಈ ಕಾಲದಲ್ಲಿ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನಿಗೆ ಮೂರು ಸೆಕೆಂಡು ಕಣ್ಣು ಕೋರೈಸಿದರೆ ವಾಹನವು 50 ಮೀಟರನ್ನು ಕುರುಡಾಗಿ ಓಡಿರುತ್ತದೆ. ಮಂಡ್ಯದ ಸುತ್ತಿನಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರೊಂದು ನಿಂತಿರಲು ಅದರಲ್ಲಿ ಅರ್ಧ ದೂರವೇ ಸಾಕು. ಹಗಲಿನ ನಂಬರ್ ಪ್ಲೇಟು ಇದಾವುದನ್ನೂ ಅಳೆಯದು.

ಇನ್ನು ಕಾನೂನಿನ ಕಾಲಗಣನೆಯನ್ನು ನೋಡಿ. 2019ರ ತಿದ್ದುಪಡಿಯ ಪ್ರಕಾರ, 18ನೆಯ ವಯಸ್ಸಿನಲ್ಲಿ ಸ್ವಂತ ವಾಹನದ ಲೈಸೆನ್ಸು ಪಡೆದ ಹುಡುಗನ ಕಣ್ಣಿನ ಸಮಾಚಾರವನ್ನು 40 ತುಂಬುವವರೆಗೆ, ಎಂದರೆ 22 ವರ್ಷ, ಯಾರೂ ಕೇಳುವುದಿಲ್ಲ. 40 ದಾಟಿದವರಿಗೂ ಲಾರಿ, ಬಸ್ಸು ನಡೆಸುವವರಿಗೂ ವೈದ್ಯರ ಪ್ರಮಾಣಪತ್ರ ಬೇಕೆಂದಿದೆ, ನಿಜ. ಆದರೆ ಅದನ್ನು ಕೊಡಲು ಕಣ್ಣಿನ ವೈದ್ಯರೇ ಆಗಬೇಕೆಂದಿಲ್ಲ, ಮತ್ತು ಅರ್ಜಿದಾರನ ಮುಖವನ್ನು ನೋಡುವ ಮೊದಲೇ ರುಜುವೂ ಮೊಹರೂ ಬಿದ್ದಿರುವ ಪ್ರಮಾಣಪತ್ರದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ.

ಹಾಗೆಂದು ಎಲ್ಲರನ್ನೂ ಸ್ಟಿಯರಿಂಗಿನಿಂದ ಎಬ್ಬಿಸಬೇಕೆಂದು ನಾನು ಹೇಳುತ್ತಿಲ್ಲ. ಕೆಂಪು ಹಸಿರುಗಳ ಭೇದ ಚೆನ್ನಾಗಿ ತಿಳಿಯದವರಿಗೆ ಮೊದಲು ನಿಷೇಧವಿತ್ತು. 2020ರಲ್ಲಿ ಕೇಂದ್ರ ಸರ್ಕಾರವು ಅದನ್ನು ಸಡಿಲಿಸಿ, ಅಲ್ಪ ಹಾಗೂ ಮಧ್ಯಮ ಪ್ರಮಾಣದ ವರ್ಣಾಂಧತೆಯುಳ್ಳವರಿಗೆ ಲೈಸೆನ್ಸು ಕೊಡಬಹುದೆಂದಿತು. ಸಿಗ್ನಲಿನಲ್ಲಿ ಮೇಲಿನ ದೀಪ ಯಾವುದು, ಕೆಳಗಿನದು ಯಾವುದೆಂದು ಬಲ್ಲವನಿಗೆ ಬಣ್ಣದ ಮಂಕು ದೊಡ್ಡ ಅಡ್ಡಿಯಲ್ಲವಾದುದರಿಂದ ಅದು ಸರಿಯಾದ ಕ್ರಮವೇ. ಅನಾವಶ್ಯಕವಾದೆಡೆ ಸಡಿಲಿಸಬಲ್ಲ ಕಾನೂನು ಆವಶ್ಯಕವಾದೆಡೆ ಬಿಗಿಯಾಗಬೇಡವೆ? 40ರ ಬಳಿಕದ ಪ್ರತಿಯೊಂದು ನವೀಕರಣಕ್ಕೂ ಅಂಚಿನ ನೋಟವನ್ನೂ ಕಣ್ಣಿನ ಒತ್ತಡವನ್ನೂ ಅಳೆಯುವ ಪರೀಕ್ಷೆ ಇರಲಿ. ಸಕ್ಕರೆ ಕಾಯಿಲೆಯವರ ಅಕ್ಷಿಪಟಲವನ್ನು ತಪ್ಪದೆ ನೋಡಲಿ.

ಇದಕ್ಕೆ ನಿಜವಾದ ಅಡ್ಡಿ ಖರ್ಚಲ್ಲ, ಅಂಜಿಕೆ. ಚಾಳೀಸು ಹಾಕಿದ ಡ್ರೈವರನನ್ನು ಕಂಡರೆ ಮುಖ ಕಿವುಚುವ ಮಾಲೀಕರು ಇರುವ ತನಕ, ಲಾರಿಯವನು ಕನ್ನಡಕವನ್ನು ಸೀಟಿನ ಅಡಿಯಲ್ಲಿಯೇ ಇಟ್ಟಿರುತ್ತಾನೆ. ಪರೀಕ್ಷೆಯು ಲಾರಿ ನಿಲ್ಲುವ ಜಾಗದಲ್ಲಿಯೇ ನಡೆದು, ಕನ್ನಡಕವನ್ನು ಅಲ್ಲಿಯೇ ಪುಕ್ಕಟೆಯಾಗಿ ಕೊಟ್ಟು, ಪೊರೆಯಿದ್ದವನಿಗೆ ಶಸ್ತ್ರಚಿಕಿತ್ಸೆಯ ದಿನಗಳ ಕೂಲಿಯನ್ನೂ ಸರ್ಕಾರವೇ ತುಂಬಿಕೊಟ್ಟರೆ, ಇರುಳಿನಲ್ಲಿ ದಾರಿ ಸರಿಯಾಗಿ ತೋರುತ್ತಿಲ್ಲವೆಂಬ ಮಾತನ್ನು ಅವನೇ ಬಾಯಿಬಿಟ್ಟು ಹೇಳಿಯಾನು.